ಬಡ್ತಿ ಪತ್ರ ಬಂದ ಮೇಲಿನ ಸೋಮವಾರ

ನಮ್ಮ ಹುಬ್ಬಳ್ಳಿ ಕಡೆಯ ಕಾರ್ಖಾನೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ಬಡ್ತಿ ಸಿಗುವ ರೀತಿ ಹೆಚ್ಚುಕಡಿಮೆ ಒಂದೇ. ಲೇಥ್ ಮೇಲೆ ಎಲ್ಲರಿಗಿಂತ ಚಲೋ ಕೆಲಸ ಮಾಡುವವನನ್ನು ಸೂಪರ್‌ವೈಸರ್ ಮಾಡುತ್ತಾರೆ. ಹೆಚ್ಚು ಠೇವಣಿ ತಂದವಳನ್ನು ಶಾಖೆಯ ಮ್ಯಾನೇಜರ್ ಮಾಡುತ್ತಾರೆ. ಒಂದೇ ಸಲಕ್ಕೆ ನರ ಹಿಡಿದು ಸಲೈನ್ ಹಚ್ಚುವ ನರ್ಸ್ ವಾರ್ಡಿನ ಇನ್‌ಚಾರ್ಜ್ ಆಗುತ್ತಾಳೆ. ಶನಿವಾರ ಪತ್ರ ಕೈಗೆ ಬರುತ್ತದೆ, ಪೇಢೆ ಹಂಚುತ್ತಾರೆ. ಮೊನ್ನೆಯವರೆಗೆ ಜೊತೆಯಲ್ಲಿ ಡಬ್ಬಿ ಬಿಚ್ಚಿ ಉಂಡವರಿಗೇ ಸೋಮವಾರ ಬೆಳಿಗ್ಗೆ "ಇದು ಸರಿ ಆಗಿಲ್ಲ, ಮತ್ತೊಮ್ಮೆ ಮಾಡ್ರಿ" ಎಂದು ಹೇಳಬೇಕಾಗುತ್ತದೆ. ಹೇಗೆ ಹೇಳಬೇಕು ಎಂಬುದನ್ನು ಅವರಿಗೆ ಯಾರೂ ಕಲಿಸಿರುವುದಿಲ್ಲ.

ಕೆಲಸ ಬಲ್ಲವರು ಕೆಲಸ ಮಾಡಿಸಲೂ ಬಲ್ಲರು ಎಂಬ ನಂಬಿಕೆ ನಮ್ಮೂರಿನದಷ್ಟೇ ಅಲ್ಲ. ಕೆನಡಾದ ಶಿಕ್ಷಣ ತಜ್ಞ ಲಾರೆನ್ಸ್ ಪೀಟರ್, ರೇಮಂಡ್ ಹಲ್ ಜೊತೆ ಸೇರಿ 1969ರಲ್ಲಿ 'ದಿ ಪೀಟರ್ ಪ್ರಿನ್ಸಿಪಲ್' ಎಂಬ ಪುಸ್ತಕ ಬರೆದರು. ಮನುಷ್ಯನಿಗೆ ತಾನು ಮಾಡಲಾರದ ಹುದ್ದೆ ಬರುವತನಕ ಬಡ್ತಿ ಸಿಗುತ್ತಲೇ ಇರುತ್ತದೆ, ಅಲ್ಲಿಗೆ ಬಂದು ನಿಲ್ಲುತ್ತಾನೆ ಎಂಬುದು ಅದರ ವಾದ. ಅದು ನಗಿಸುವ ಧಾಟಿಯಲ್ಲಿ ಬರೆದ ಪುಸ್ತಕ. ಆದರೆ 2019ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ 131 ಕಂಪನಿಗಳ ಮಾರಾಟ ವಿಭಾಗದ ದಾಖಲೆಗಳನ್ನು ಹಿಡಿದು ಇದನ್ನೇ ಲೆಕ್ಕ ಹಾಕಿ ನೋಡಿದರು. ಹೆಚ್ಚು ಮಾರಿದವರಿಗೇ ಬಡ್ತಿ ಹೆಚ್ಚು ಸಿಕ್ಕಿತ್ತು; ಹಾಗೆ ಮೇಲೇರಿದವರ ಕೈಕೆಳಗಿನವರ ಮಾರಾಟ ಮಾತ್ರ ಇಳಿದಿತ್ತು.

ನಾನು ವಾಲ್ವ್ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ದುಡಿಯುವವಳು. ಹುಬ್ಬಳ್ಳಿ ವಾಲ್ವ್‌ಗಳಿಗೆ ಹೆಸರಾದ ಊರು. ಗೋಕುಲ ರಸ್ತೆ, ತಾರಿಹಾಳದ ಶೆಡ್‌ಗಳಲ್ಲಿ ತಯಾರಾದ ವಾಲ್ವ್‌ಗಳು ತೈಲ ಶುದ್ಧೀಕರಣ ಘಟಕಗಳಿಗೆ, ವಿದ್ಯುತ್ ಸ್ಥಾವರಗಳಿಗೆ ಹೋಗುತ್ತವೆ. ನನ್ನ ಮನೆ ಇರುವುದು ಬೈರಿದೇವರಕೊಪ್ಪದಲ್ಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಪಿ.ಬಿ. ರಸ್ತೆಯಲ್ಲಿ ಉಣಕಲ್ ದಾಟಿದರೆ ಸಿಗುವ ಊರು ಇದು. ಒಂದು ಕಾಲಕ್ಕೆ ಹಳ್ಳಿ, ಈಗ ಮಹಾನಗರದ ನಡುಭಾಗ. ಮುಂದೆ ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣ, ನವನಗರ, ರಾಯಾಪುರ. ರಸ್ತೆಯ ನಟ್ಟನಡುವೆ ಚಿಗರಿ ಬಸ್ಸಿನದೇ ದಾರಿ ಇರುವುದರಿಂದ ಯಾವ ಕಡೆಯಿಂದ ಬರುವವರಿಗೂ ಇಲ್ಲಿ ಇಳಿಯುವುದು ಸುಲಭ. ಆ ಅನುಕೂಲದಿಂದಲೇ ನಮ್ಮ ಮಾಳಿಗೆಯ ಮೇಲೆ ಭಾನುವಾರ ಮುಂಜಾನೆ ಕೆಲವರು ಕೂಡುವ ರೂಢಿ ಬೆಳೆಯಿತು. ಹೊಸದಾಗಿ ಇನ್‌ಚಾರ್ಜ್ ಆದವರು, ಆಗಬೇಕೆಂದು ಆಸೆ ಇಟ್ಟುಕೊಂಡವರು ಬರುತ್ತಾರೆ. ಶುಲ್ಕವಿಲ್ಲ, ಸರ್ಟಿಫಿಕೇಟ್ ಇಲ್ಲ. ಒಬ್ಬೊಬ್ಬರೂ ಆ ವಾರ ತಮ್ಮ ಕೆಲಸದ ಜಾಗದಲ್ಲಿ ಎದುರಾದ ಒಂದು ನಿಜವಾದ ತೊಡಕನ್ನು ತರಬೇಕು. ನಮ್ಮ ನಿಯಮ ಅದೊಂದೇ.

ವಾಲ್ವ್ ತಯಾರಾದ ಮೇಲೆ ಹೈಡ್ರೋ ಟೆಸ್ಟ್ ಮಾಡುತ್ತೇವೆ. ಒಳಗೆ ನೀರು ತುಂಬಿ, ಅದು ತಡೆಯಬೇಕಾದ ಒತ್ತಡಕ್ಕಿಂತ ಒಂದೂವರೆ ಪಟ್ಟು ಒತ್ತಡ ಏರಿಸಿ ಹಿಡಿದು ನಿಲ್ಲಿಸುತ್ತೇವೆ. ಗೇಜಿನ ಮುಳ್ಳು ಇಳಿಯಬಾರದು, ಮೈಮೇಲೆ ಒಂದು ಹನಿ ಕಾಣಬಾರದು. ಒಂದು ಸಲ ಎರಡನೇ ಪಾಳಿಯಲ್ಲಿ ಪಾಸಾಗಿ ಬಂದ ವಾಲ್ವ್ ಒಂದನ್ನು ನಾನು ಮತ್ತೆ ಟೆಸ್ಟಿಗೆ ಹಚ್ಚಿಸಿದೆ. ಸೋರಿತು. ಟೆಸ್ಟ್ ಬೆಂಚಿನ ಹಿರಿಯ ಆಪರೇಟರ್ ಆ ಹನಿಯನ್ನು ಮೊದಲೇ ಕಂಡಿದ್ದರು. ವೇಸ್ಟ್ ಬಟ್ಟೆಯಿಂದ ಒರೆಸಿ ಸುಮ್ಮನಾಗಿದ್ದರು.

"ಕಾಕಾ, ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಏನ್ ಹೇಳೂದ್ರಿ ಮೇಡಂ. ಹೋದ ತಿಂಗಳ ಒಬ್ಬಾಂವ ಹೇಳಿದ್ದ. ಎಲ್ಲಾರ ಮುಂದ ಬೈಸ್ಕೊಂಡ. ಲಾರಿ ಬಂದು ನಿಂತಾಗ ನಿಮಗ ಸೋರಿಕಿ ಕಾಣತೈತಿ ಅಂದ್ರು."

ಬೈದವನು ಹೊಸ ಶಿಫ್ಟ್ ಇನ್‌ಚಾರ್ಜ್. ಒಳ್ಳೆಯ ಎಂಜಿನಿಯರ್, ಡ್ರಾಯಿಂಗ್ ಓದುವುದರಲ್ಲಿ ಅವನನ್ನು ಮೀರಿಸುವವರು ನಮ್ಮಲ್ಲಿ ಕಡಿಮೆ. ಮೇಲಿನವರು ದಿನಕ್ಕೆ ಇಷ್ಟು ಡಿಸ್ಪ್ಯಾಚ್ ಆಗಬೇಕು ಎನ್ನುತ್ತಿದ್ದರು, ಅವನು ಅದನ್ನು ಹಾಗೆಯೇ ಕೆಳಗೆ ದಾಟಿಸುತ್ತಿದ್ದ. ನಡುವೆ ನಿಂತು ಆ ಒತ್ತಡವನ್ನು ತಾನು ಹೊರುವುದು ಈ ಹುದ್ದೆಯ ಅರ್ಧ ಕೆಲಸ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಅವನೂ ಭಾನುವಾರ ನಮ್ಮ ಮಾಳಿಗೆಗೆ ಬರತೊಡಗಿದ. ಏನು ಹೇಳಬೇಕು ಎಂಬುದನ್ನು ಅಲ್ಲಿ ಕೂತು ತಯಾರು ಮಾಡಿಕೊಂಡ. ಮರುವಾರ ಪಾಳಿ ಶುರುವಾಗುವ ಮೊದಲು ಎಲ್ಲರನ್ನೂ ಬೆಂಚಿನ ಹತ್ತಿರ ಕರೆದ. "ಹನಿ ಕಂಡ್ರ ಮೊದಲ ನನಗ ಹೇಳ್ರಿ. ಲಾರಿ ಕಾದ್ರ ಕಾಯ್ಲಿ, ಮ್ಯಾಲಿನವ್ರಿಗೆ ಉತ್ತರ ನಾ ಕೊಡ್ತೀನಿ" ಎಂದ. ಹೇಳಿದಂತೆ ನಡೆದುಕೊಂಡ ಕೂಡ.

ಆಮೇಲೆ ಆದದ್ದನ್ನು ಓದುಗರು ಗಮನಿಸಬೇಕು. ಅವನ ಪಾಳಿಯ ರಿಜೆಕ್ಟ್ ಸಂಖ್ಯೆ ಏರಿತು. ವರದಿ ನೋಡಿದ ಮೇಲಿನವರು ಗಾಬರಿಯಾದರು, ಹುಡುಗ ಕೆಲಸ ಕೆಡಿಸಿದ ಎಂದುಕೊಂಡರು. ಸೋರುವ ವಾಲ್ವ್‌ಗಳು ಮೊದಲೂ ಅಷ್ಟೇ ಇದ್ದವು, ಈಗ ಕಾಗದದ ಮೇಲೆ ಬರುತ್ತಿವೆ ಎಂದು ನಾನು ದಾಖಲೆ ಇಟ್ಟು ತೋರಿಸಬೇಕಾಯಿತು. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿದಾಗ ಇಂಥದೇ ಸಂಗತಿಯನ್ನು ಕಂಡಿದ್ದರು. ಒಗ್ಗಟ್ಟಿನಿಂದ ಚೆನ್ನಾಗಿ ನಡೆಯುವ ವಾರ್ಡುಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿನ ನರ್ಸ್‌ಗಳು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಮುಂದೆ ಒಂದು ಉತ್ಪಾದನಾ ಕಂಪನಿಯ 51 ತಂಡಗಳನ್ನು ಅಭ್ಯಾಸ ಮಾಡಿ ಅವರು 1999ರಲ್ಲಿ ಪ್ರಕಟಿಸಿದ ಪ್ರಬಂಧ, ನಿರ್ಭಯವಾಗಿ ಮಾತಾಡಬಲ್ಲ ತಂಡಗಳೇ ಬೇಗ ಕಲಿಯುತ್ತವೆ ಎಂಬುದನ್ನು ತೋರಿಸಿತು. ಹೊಸ ಮುಂದಾಳಿನ ಮೊದಲ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಕೆಟ್ಟ ಸುದ್ದಿ ನಿಮ್ಮ ಹತ್ತಿರ ಬೇಗ ಬರುವಂತೆ ಮಾಡಿಕೊಳ್ಳಿ.

ಇದನ್ನೆಲ್ಲ ಎಲ್ಲಿ ಕಲಿಯುವುದು? ಹೋಟೆಲಿನ ಹಾಲಿನಲ್ಲಿ ಒಂದು ದಿನದ ನಾಯಕತ್ವ ಶಿಬಿರ ಎಂಬ ಜಾಹೀರಾತುಗಳು ಈಗ ಹುಬ್ಬಳ್ಳಿಯಲ್ಲೂ ಕಡಿಮೆಯಿಲ್ಲ. ಅವುಗಳನ್ನು ನಾನು ಹಳಿಯುವುದಿಲ್ಲ, ಕೆಲವರಿಗೆ ಅಲ್ಲಿ ಹುರುಪು ಸಿಗುತ್ತದೆ. ಆದರೆ ಸಂಜೆ ಮನೆಗೆ ಹೋಗುವ ಮುನ್ನ ತುಂಬಿಸಿಕೊಳ್ಳುವ ಅಭಿಪ್ರಾಯದ ಹಾಳೆಯನ್ನು ನೋಡಿ ತರಬೇತಿ ಯಶಸ್ವಿಯಾಯಿತು ಎಂದು ತೀರ್ಮಾನಿಸುವುದು ಸರಿಯಲ್ಲ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಹೇಳಿದ್ದರು. ಬಂದವರಿಗೆ ಹಿಡಿಸಿತೆ, ಏನಾದರೂ ಕಲಿತರೆ, ಕೆಲಸದ ಜಾಗಕ್ಕೆ ಹೋದ ಮೇಲೆ ನಡವಳಿಕೆ ಬದಲಾಯಿತೆ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೆ. ನಮ್ಮಲ್ಲಿ ಬಹಳ ಕಡೆ ಅಳತೆ ಮೊದಲ ಹಂತಕ್ಕೇ ನಿಲ್ಲುತ್ತದೆ. ಹಣ ಕೊಡುವ ಮಾಲೀಕರು ಮೂರನೆಯದನ್ನು ಕೇಳಬೇಕು. ತಿಂಗಳೊಪ್ಪತ್ತಿನ ನಂತರ ಆ ಸೂಪರ್‌ವೈಸರ್‌ನ ಕೈಕೆಳಗಿನವರನ್ನು "ಇವರು ಈಗ ಏನು ಬ್ಯಾರೆ ಮಾಡಾಕತ್ತಾರ?" ಎಂದು ಕೇಳಿದರೆ ಉತ್ತರ ತಾನಾಗಿ ಸಿಗುತ್ತದೆ.

ಅನುಭವಿಗಳು ತಾವು ಹೇಗೆ ಕಲಿತೆವು ಎಂದು ಹೇಳಿಕೊಂಡಿರುವುದೂ ಇದೇ ಕಡೆ ಬೆರಳು ತೋರಿಸುತ್ತದೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆಯ ಸಂಶೋಧಕರು ಸುಮಾರು 200 ಹಿರಿಯ ಅಧಿಕಾರಿಗಳನ್ನು ಮಾತಾಡಿಸಿ, 1988ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಮುಂದೆ ಅದರಿಂದ 70-20-10 ಎಂಬ ಸೂತ್ರ ಹುಟ್ಟಿತು. ಕಲಿಕೆಯಲ್ಲಿ 70 ಪಾಲು ಸವಾಲಿನ ಕೆಲಸದಿಂದ, 20 ಪಾಲು ಇತರರಿಂದ, 10 ಪಾಲು ತರಗತಿಯಿಂದ ಎಂದು ಅದರ ಲೆಕ್ಕ. ಈ ಅಂಕಿಗಳು ಇಷ್ಟು ಸಪಾಟಾಗಿರುವುದೇ ನನಗೆ ಒಪ್ಪಿಗೆಯಾಗುವುದಿಲ್ಲ; ಅಳತೆಯ ಕೆಲಸ ಮಾಡುವವಳು ನಾನು, ನಿಜವಾದ ಅಳತೆಗಳು ಹೀಗೆ ಸೊನ್ನೆಯಲ್ಲಿ ಮುಗಿಯುವುದು ಅಪರೂಪ. ಅಲ್ಲದೆ ಇದು ಅವರವರು ನೆನಪಿನಿಂದ ಹೇಳಿದ ಮಾತು. ಆದರೂ ಶಕ್ತಿಗಿಂತ ತುಸು ದೊಡ್ಡದಾದ ಹೊಣೆಯೇ ಮನುಷ್ಯನನ್ನು ಬೆಳೆಸುತ್ತದೆ ಎಂಬ ಮಾತನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹುಬ್ಬಳ್ಳಿಯಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಇದೇ ಊರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆ ಮತ್ತು ಅವರ ಪತ್ನಿ ಜಯಶ್ರೀ ಕಟ್ಟಿದ ದೇಶಪಾಂಡೆ ಫೌಂಡೇಶನ್ 'ಲೀಡ್' ಎಂಬ ಕಾರ್ಯಕ್ರಮ ನಡೆಸುತ್ತದೆ. ಕಾಲೇಜಿನ ಹುಡುಗ-ಹುಡುಗಿಯರು ತಮ್ಮ ಸುತ್ತಲಿನ ಒಂದು ಸಮಸ್ಯೆ ಹಿಡಿದು ಸಣ್ಣ ಯೋಜನೆ ಬರೆಯುತ್ತಾರೆ. ಒಪ್ಪಿಗೆಯಾದರೆ ಸಣ್ಣ ಮೊತ್ತ ಕೈಗೆ ಬರುತ್ತದೆ, ಮಾರ್ಗದರ್ಶಕರು ಜೊತೆಗಿರುತ್ತಾರೆ. ಹೀಗೆ ಕಲಿತವರು ಕೆಲವರು ನಮ್ಮ ಕೈಕೆಳಗೆ ಕೆಲಸಕ್ಕೆ ಬಂದಿದ್ದಾರೆ. ಇಂಗ್ಲಿಷ್ ಎಲ್ಲರಂತೆಯೇ, ಅಂಕವೂ ಎಲ್ಲರಂತೆಯೇ. ಆದರೆ ಹೇಳಿದವರು ಬರಲಿಲ್ಲ, ತಂದ ಸಾಮಾನು ಸಾಲಲಿಲ್ಲ ಎನ್ನುವಾಗ ಕೈ ಚೆಲ್ಲುವುದಿಲ್ಲ. ಹಣ ಕಡಿಮೆ ಬಿದ್ದಾಗ ಯಾರನ್ನು ಹೇಗೆ ಕೇಳಬೇಕು ಎಂಬುದನ್ನು ಅವರು ಇಪ್ಪತ್ತರ ವಯಸ್ಸಿನಲ್ಲೇ ಮಾಡಿ ನೋಡಿದ್ದಾರೆ.

ಹೊಣೆ ಕೊಟ್ಟು ಬಿಟ್ಟರೆ ಮಾತ್ರ ಸಾಲದು, ತಿದ್ದುವವರು ಬೇಕು. ನಮ್ಮ ಈ ನೆಲದಲ್ಲಿ ಇದನ್ನು ಸಂಗೀತಗಾರರಷ್ಟು ಚೆನ್ನಾಗಿ ಬಲ್ಲವರಿಲ್ಲ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿಯುತ್ತಿದ್ದರು. ಗುರುಗಳು ಸ್ವಲ್ಪವೇ ಹೇಳಿಕೊಟ್ಟು, ಅದನ್ನೇ ಮತ್ತೆ ಮತ್ತೆ ಹಾಡಿಸಿ ತಿದ್ದುತ್ತಿದ್ದರು. ಪೂರ್ತಿ ರಾಗ ಹಾಡುವ ಆಸೆಯನ್ನು ತಡೆದು ಒಂದೇ ಕಡೆ ನಿಲ್ಲಿಸುವ ಶಿಕ್ಷಣ ಅದು. ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಅಭ್ಯಾಸ ಮಾಡಿ 1993ರಲ್ಲಿ ಬರೆದದ್ದೂ ಇದಕ್ಕೆ ಹತ್ತಿರದ ಮಾತು: ಬರುವುದನ್ನೇ ಮಾಡುತ್ತ ಕೂತರೆ ಬೆಳವಣಿಗೆಯಿಲ್ಲ, ಬಾರದ ಭಾಗವನ್ನು ಬಿಡಿಸಿಕೊಂಡು ತಿದ್ದುವವರ ಮುಂದೆ ಮಾಡಬೇಕು. ಗಂಗೂಬಾಯಿ ಹಾಗೆ ಕಲಿತು ಎಂಟೊಂಬತ್ತು ದಶಕ ಕಳೆದಿವೆ. ಆ ಊರಿನವರಾದ ನಾವು ಕಚೇರಿ ಕೆಲಸಕ್ಕೆ ಮಾತ್ರ ತಾಲೀಮು ಬೇಡ ಎಂದುಕೊಂಡಿದ್ದೇವೆ.

ಮಾಳಿಗೆಯ ಮೇಲೆ ನಾವು ಮಾಡುವುದು ಈ ತಾಲೀಮನ್ನೇ. ವಾರ್ಡಿನ ಇನ್‌ಚಾರ್ಜ್ ಆದ ನರ್ಸ್ ಒಬ್ಬರು, ಮುಂಜಾನೆಯ ಪಾಳಿಗೆ ತಡವಾಗಿ ಬರುವ ಕಿರಿಯ ನರ್ಸ್‌ನ ವಿಷಯ ತಂದರು. ಅವಳಿಗೆ ಏನು ಹೇಳುತ್ತೀರಿ, ನನ್ನ ಮುಂದೆ ಹೇಳಿರಿ ಎಂದೆ. "ನೀ ಯಾವಾಗ್ಲೂ ತಡಾ ಬರ್ತಿ, ನಿನಗ ಕೆಲಸದ ಮ್ಯಾಲೆ ಲಕ್ಷ್ಯನ ಇಲ್ಲ" ಎಂದರು. ಕಿರಿಯಳಾಗಿ ಕೂತಿದ್ದ ಬ್ಯಾಂಕಿನ ಹುಡುಗಿ ತಕ್ಷಣ, "ಯಾವಾಗ್ಲೂ ಅಲ್ರೀ ಅಕ್ಕಾರ, ಸೋಮವಾರ ಎಲ್ಲಾರಿಗಿಂತ ಮೊದಲ ಬಂದಿದ್ದೆ" ಎಂದಳು. ಅಲ್ಲಿಗೆ ಮಾತು ಜಗಳಕ್ಕೆ ತಿರುಗಿತು. ಮತ್ತೆ ಮೊದಲಿನಿಂದ ಹಿಡಿದೆವು. ಹಲವು ಸಲ ತಿದ್ದಿದ ಮೇಲೆ ಅವರ ಬಾಯಲ್ಲಿ ಬಂದದ್ದು ಇದು: "ಈ ವಾರ ಮಂಗಳವಾರ, ಗುರುವಾರ ಅರ್ಧ ತಾಸು ತಡಾ ಆತು. ರಾತ್ರಿ ಪಾಳಿ ಸಿಸ್ಟರ್ ಅಲ್ಲೀತನಕ ಮನಿಗೆ ಹೋಗಾಕ ಆಗಲಿಲ್ಲ. ಏನ್ ಆಗೇತಿ, ಹೇಳವ್ವಾ." ಇಷ್ಟು ಹೇಳಿ ಸುಮ್ಮನಾಗಬೇಕು. ಆ ಸುಮ್ಮನಾಗುವುದು ಎಲ್ಲಕ್ಕಿಂತ ಕಷ್ಟ, ಅದಕ್ಕೂ ತಾಲೀಮು ಬೇಕಾಯಿತು. ಆಸ್ಪತ್ರೆಯಲ್ಲಿ ನಿಜವಾಗಿ ಕೇಳಿದಾಗ ಕಾರಣ ತಿಳಿಯಿತು. ಆ ಎರಡು ದಿನ ಹುಡುಗಿಯ ಅತ್ತೆಯನ್ನು ಡಯಾಲಿಸಿಸ್‌ಗೆ ಬಿಟ್ಟು ಬರಬೇಕಿತ್ತು. ಪಾಳಿ ಅದಲುಬದಲಾಯಿತು.

ಇಲ್ಲಿ ಭಾಷೆಯ ಮಾತನ್ನೂ ಹೇಳಬೇಕು. ನವಲಗುಂದ, ಕಲಘಟಗಿ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಬಂದ ಎಷ್ಟೋ ಮಕ್ಕಳು, ಇಂಗ್ಲಿಷ್ ಬಾರದವರು ಮುಂದಾಳಾಗಲಾರರು ಎಂದು ಮನಸ್ಸಿನಲ್ಲೇ ಸೋತಿರುತ್ತಾರೆ. ಈ ಸೋಲು ನನಗೆ ಬಹಳ ನೋವು ಕೊಡುತ್ತದೆ. ಶಾಪ್ ಫ್ಲೋರಿನಲ್ಲಿ, ವಾರ್ಡಿನಲ್ಲಿ, ಮಾರುಕಟ್ಟೆಯಲ್ಲಿ ಜನರನ್ನು ನಡೆಸುವುದು ನಮ್ಮ ಮಾತಿನಲ್ಲೇ. ಅಲ್ಲಿ ಅವರು ಆಗಲೇ ನಿಪುಣರು. ತಿಂಗಳ ರಿವ್ಯೂ ಮೀಟಿಂಗಿಗೆ ಬೇಕಾದ ಇಂಗ್ಲಿಷ್ ಬೇರೆ. ಏನು ಆಗಬೇಕಿತ್ತು, ಏನಾಯಿತು, ಈಗ ನನಗೇನು ಬೇಕು, ಇಷ್ಟನ್ನು ಮೊದಲು ಕನ್ನಡದಲ್ಲಿ ಗಟ್ಟಿ ಮಾಡಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬಾಯಿಗೆ ತಂದುಕೊಂಡರೆ ಮೀಟಿಂಗ್ ನಡೆಯುತ್ತದೆ. ಯೋಚನೆ ಸ್ಪಷ್ಟವಿಲ್ಲದವರು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತಾಡಿದರೂ ಕೇಳುವವರಿಗೆ ಏನೂ ಸಿಗುವುದಿಲ್ಲ.

ಅಮರಗೋಳದ ಎ.ಪಿ.ಎಂ.ಸಿ.ಯ ದಲಾಲಿ ಅಂಗಡಿಯೊಂದನ್ನು ನೋಡಿಕೊಳ್ಳುವವರು ಒಬ್ಬರು ಬರುತ್ತಾರೆ. ಅವರ ಕೈಕೆಳಗೆ ಮೂವರು ಹುಡುಗರಿದ್ದಾರೆ. ಮೆಣಸಿನಕಾಯಿ ಹಂಗಾಮಿನಲ್ಲಿ ರಾತ್ರಿಯವರೆಗೂ ಅಂಗಡಿಯಲ್ಲೇ ಕೂತು ಪ್ರತಿ ಪಟ್ಟಿಯನ್ನೂ ತಾವೇ ಬರೆಯುತ್ತಿದ್ದರು. "ಹುಡುಗ್ರ ಕೈಯಾಗ ಕೊಟ್ರ ತಪ್ಪತೈತ್ರಿ" ಎಂಬುದು ಅವರ ಕಾರಣ. ಕೊಡದಿದ್ದರೆ ಅವರು ಎಂದು ಕಲಿಯಬೇಕು ಎಂದು ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಒಬ್ಬ ಹುಡುಗನಿಗೆ ಕೆಲವೇ ರೈತರ ಮಾಲನ್ನು ತೂಕದಿಂದ ಹಿಡಿದು ಪಟ್ಟಿ ಕೊಡುವವರೆಗೆ ಪೂರ್ತಿ ಒಪ್ಪಿಸುವುದು, ನಡುವೆ ಕೈ ಹಾಕದಿರುವುದು, ರೈತರಿಗೆ ಪಟ್ಟಿ ಹೋಗುವ ಮುನ್ನ ಮಾತ್ರ ಒಮ್ಮೆ ತಾಳೆ ನೋಡುವುದು ಎಂದು ಒಪ್ಪಿದರು. ಬರೀ ಬರೆಯುವುದನ್ನೋ ಬರೀ ತೂಗುವುದನ್ನೋ ಕೊಟ್ಟರೆ ಹುಡುಗ ಹೇಳಿದಷ್ಟು ಮಾಡುವ ಕೈಯಾಗಿ ಉಳಿಯುತ್ತಾನೆ. ಮೊದಲಿನಿಂದ ಕೊನೆತನಕ ಒಂದನ್ನೇ ಕೊಟ್ಟಾಗ ಅದು ಅವನದಾಗುತ್ತದೆ.

ಸಂಜೆ ಅಂಗಡಿ ಮುಚ್ಚುವಾಗ ನಾಲ್ಕು ಪ್ರಶ್ನೆ ಕೇಳಲು ಹೇಳಿದೆವು. ಏನು ಆಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ನಾಳೆ ಏನು ಮಾಡೋಣ? 1970ರ ದಶಕದಿಂದ ಅಮೆರಿಕದ ಸೇನೆ ಕವಾಯತು ಮುಗಿದ ಮೇಲೆ ಬಳಸುತ್ತ ಬಂದ ಪದ್ಧತಿ ಇದು. ಇದರ ಬೆಲೆ ಇರುವುದು ಹುದ್ದೆ ನೋಡದೆ ಎಲ್ಲರೂ ಉತ್ತರಿಸುವುದರಲ್ಲಿ. ಯಜಮಾನರು ತಾವು ಮಾಡಿದ್ದನ್ನೂ ಆ ನಾಲ್ಕು ಪ್ರಶ್ನೆಗಳಿಗೆ ಒಡ್ಡಿದಾಗ ಹುಡುಗರ ಬಾಯಿ ಬಿಚ್ಚಿತು. ತೂಕದ ಕಾಟಾ ಇರುವ ಜಾಗ ಸರಿಯಿಲ್ಲ, ಅಲ್ಲಿ ಚೀಲಗಳು ಅದಲುಬದಲಾಗುತ್ತವೆ ಎಂದು ಹುಡುಗನೇ ಹೇಳಿದ. ಎಷ್ಟೋ ವರ್ಷಗಳಿಂದ ಅಲ್ಲೇ ಇದ್ದ ಕಾಟಾ ಪಕ್ಕಕ್ಕೆ ಸರಿಯಿತು.

ಮಹತ್ವಾಕಾಂಕ್ಷೆಯ ಮಾತು ಬಂದಾಗ ನಮ್ಮೂರಲ್ಲಿ ಎಲ್ಲರೂ ಹೇಳುವ ಕತೆ ಸುಧಾ ಮೂರ್ತಿ ಅವರದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಅವರು, ಹೆಣ್ಣುಮಕ್ಕಳು ಅರ್ಜಿ ಹಾಕಬಾರದು ಎಂದಿದ್ದ ಟೆಲ್ಕೊ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಆ ಧೈರ್ಯಕ್ಕೆ ನಾವೆಲ್ಲ ತಲೆಬಾಗುತ್ತೇವೆ. ನನ್ನ ಗಮನ ಆ ಕಾರ್ಡು ತಲುಪಿದ ಕಡೆಗೂ ಹೋಗುತ್ತದೆ. ಅಷ್ಟು ದೊಡ್ಡ ಸಂಸ್ಥೆಯಲ್ಲಿ, ಗುರುತಿಲ್ಲದ ಹುಡುಗಿಯ ಆಕ್ಷೇಪಣೆಯನ್ನು ಕಸದ ಬುಟ್ಟಿಗೆ ಹಾಕದೆ ಅದಕ್ಕೆ ಉತ್ತರ ಕೊಡುವ ವ್ಯವಸ್ಥೆಯಿತ್ತು. ನಮ್ಮ ಸಂಸ್ಥೆಗಳಲ್ಲಿ ಇಂದು ಹೆಣ್ಣುಮಕ್ಕಳು ಇನ್‌ಚಾರ್ಜ್ ಹುದ್ದೆ ಬೇಡ ಎನ್ನುವುದುಂಟು. ಅವರಿಗೆ ಆಸೆಯಿಲ್ಲ ಎಂದು ಕಡತದಲ್ಲಿ ಬರೆದುಬಿಡುತ್ತಾರೆ. ಕೇಳಿ ನೋಡಿದರೆ ರಾತ್ರಿ ಪಾಳಿ ಮುಗಿದ ಮೇಲೆ ಮನೆ ಮುಟ್ಟುವ ವ್ಯವಸ್ಥೆ ಇರುವುದಿಲ್ಲ, ಮೀಟಿಂಗ್ ಸಂಜೆ ಆರರ ಮೇಲೇ ಇಟ್ಟಿರುತ್ತಾರೆ. ಮೀಟಿಂಗನ್ನು ಮಧ್ಯಾಹ್ನಕ್ಕೆ ತರಲು ಯಾವ ಖರ್ಚೂ ಇಲ್ಲ.

ಖರ್ಚಿನ ಮಾತು ಬಂತೆಂದು ಮಾಲೀಕರಿಗೂ ಒಂದು ಕೋರಿಕೆ. ಬಡ್ತಿ ಕೊಟ್ಟ ಮೇಲೆ ಮೊದಲ ಆರು ತಿಂಗಳು ಹೊಸಬರ ಬೆನ್ನಿಗೆ ಬೇರೆ ವಿಭಾಗದ ಹಿರಿಯರೊಬ್ಬರನ್ನು ಕೊಡಿ. ವಾರಕ್ಕೆ ಅರ್ಧ ತಾಸು ಮಾತಾಡಲಿ, ಆ ಮಾತು ಅಪ್ರೈಸಲ್‌ಗೆ ಸೇರದಿರಲಿ. ತಾಂತ್ರಿಕ ಕೆಲಸದಲ್ಲೇ ಮುಂದೆ ಹೋಗಬಯಸುವವರಿಗೆ ಜನರನ್ನು ನಡೆಸುವ ಹುದ್ದೆ ಹೇರಬೇಡಿ. ಒಳ್ಳೆಯ ಫಿಟ್ಟರ್ ಒಳ್ಳೆಯ ಫಿಟ್ಟರ್ ಆಗಿಯೇ ಹೆಚ್ಚು ಪಗಾರ ಪಡೆಯುವ ದಾರಿ ಇರಲಿ. ಬಡ್ತಿಯ ಆಸೆ ಇರುವವರಿಗೆ ಪತ್ರ ಕೊಡುವ ಮೊದಲೇ ಸಣ್ಣದೊಂದು ತಂಡ, ಸಣ್ಣದೊಂದು ಹೊಣೆ ಕೊಟ್ಟು ನೋಡಿ. ಅವರಿಗೂ ತಮ್ಮ ಮನಸ್ಸು ತಿಳಿಯುತ್ತದೆ.

ಮುಂದಿನ ಭಾನುವಾರಗಳಿಗೆ ನಾವು ಹಿಡಿದಿರುವುದು ಲೆಕ್ಕ ಓದುವ ಕೆಲಸ. ಜನರೊಂದಿಗೆ ಮಾತಾಡಲು ಕಲಿತ ಇನ್‌ಚಾರ್ಜ್, ಹಣದ ಮಾತು ಬಂದಾಗ ಮೇಲಿನವರ ಮುಂದೆ ತಡವರಿಸುವುದನ್ನು ನೋಡಿದ್ದೇನೆ. ತನ್ನ ಬೇಡಿಕೆಯನ್ನು ರೂಪಾಯಿಯಲ್ಲಿ ಹೇಳಲು ಬಾರದಿದ್ದರೆ ತಂಡಕ್ಕೆ ಹೊಸ ಗೇಜೂ ಬರುವುದಿಲ್ಲ, ಇನ್ನೊಂದು ಕೈಯೂ ಬರುವುದಿಲ್ಲ. ಸೋರುವ ವಾಲ್ವ್ ನಮ್ಮ ಬೆಂಚಿನ ಮೇಲೆ ಸಿಕ್ಕರೆ ತಿದ್ದಲು ಎಷ್ಟು ಖರ್ಚು, ಗಿರಾಕಿಯ ಪೈಪ್‌ಲೈನಿಗೆ ಕೂತ ಮೇಲೆ ಸಿಕ್ಕರೆ ಎಷ್ಟು, ಸಾಗಣೆ, ಬದಲಿ ಮಾಲು, ಹೋಗಿಬರುವ ಫಿಟ್ಟರನ ದಿನಗೂಲಿ ಎಲ್ಲ ಸೇರಿಸಿ ಹಾಳೆ ಮಾಡಿಕೊಂಡು ಬರಲು ಶಿಫ್ಟ್ ಇನ್‌ಚಾರ್ಜ್ ಹುಡುಗನಿಗೆ ಹೇಳಿದ್ದೇವೆ. ದಲಾಲಿ ಅಂಗಡಿಯವರು ಲೆಕ್ಕದಲ್ಲಿ ಗಟ್ಟಿಗರು, ಅವನ ಹಾಳೆ ತಪಾಸುವ ಕೆಲಸ ಅವರದು.